ಮಳೆಗಾಲದಲ್ಲಿ ರೇಡಿಯೊ ಲಿಂಕ್ ಕುಸೀತಿದೆ: ರೇಟ್ ಆಟೋ ಬಿಡೋದೋ, ಲಾಕ್ ಮಾಡೋದೋ?

ಕಾನುಮನೆ · ಜುಲೈ 20, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲೂಕಿನಲ್ಲಿ ನಮ್ಮದು ಒಂಟಿಮನೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಫೈಬರ್ ಇಲ್ಲಿತನಕ ಬಂದಿಲ್ಲ, ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕಣಿವೆಯಾಚೆ ಗುಡ್ಡದ ಮೇಲಿರೋ ಚಿಕ್ಕಪ್ಪನ ಮನೆಗೆ ಫೈಬರ್ ಇದೆ. ಹಾಗಾಗಿ ಫೆಬ್ರವರಿಯಲ್ಲಿ ಅವರ ಮಾಡಿನ ಮೇಲೊಂದು, ನಮ್ಮ ಮಾಡಿನ ಮೇಲೊಂದು 5.8 ಗಿಗಾಹರ್ಟ್ಸಿನ ಡಿಶ್ ರೇಡಿಯೊ ಹಾಕಿಸಿದೆ. ನೇರ ದೂರ 2.6 ಕಿ.ಮೀ. ಬೇಸಿಗೆ ಪೂರ್ತಿ 75–80 ಎಂಬಿಪಿಎಸ್ ಸಲೀಸಾಗಿ ಬರ್ತಿತ್ತು. ಊರಲ್ಲೇ ಇದ್ದು ಕೆಲಸ ಮಾಡಬಹುದು ಅಂತ ಧೈರ್ಯ ಬಂದಿದ್ದೇ ಅದರಿಂದ.

ಆರಿದ್ರಾ ಮಳೆ ಹಿಡಿದಲ್ಲಿಂದ ಎಲ್ಲ ಬದಲಾಯ್ತು. ಈಗ 8 ಬಂದರೆ ಬಂತು, 15 ಬಂದರೆ ಪುಣ್ಯ. ಮೀಟಿಂಗಿನಲ್ಲಿ ನನ್ನ ಮಾತು ತುಂಡು ತುಂಡಾಗಿ ಹೋಗ್ತಿದೆ. ರೇಡಿಯೊ ಪುಟ ತೆರೆದು ನೋಡಿದರೆ ಎಂಸಿಎಸ್ ಅನ್ನೋ ಸಂಖ್ಯೆ, ಅಂದ್ರೆ ಆಟೋದಲ್ಲಿ ರೇಡಿಯೊ ತಾನೇ ಆರಿಸಿಕೊಳ್ಳೋ ವೇಗದ ಮೆಟ್ಟಿಲು, 12, 9, 11, 8 ಅಂತ ಕುಣೀತಾನೇ ಇರುತ್ತೆ. ಬೇಸಿಗೆಯಲ್ಲಿ ಅದು 15 ಬಿಟ್ಟು ಅಲ್ಲಾಡ್ತಿರಲಿಲ್ಲ.

ಡಿಶ್ ಹಾಕಿಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. "ಆಟೋ ತೆಗೆದು 15ಕ್ಕೆ ಲಾಕ್ ಮಾಡಿ, ಕುಣಿಯೋದು ನಿಲ್ಲುತ್ತೆ" ಅಂದ. ಮಾಡಿದೆ. ಲಿಂಕೇ ಕಡಿದು ಹೋಯ್ತು. ಛತ್ರಿ ಹಿಡ್ಕೊಂಡು ಹಳ್ಳ ದಾಟಿ ಚಿಕ್ಕಪ್ಪನ ಮನೆಗೆ ಹೋಗಿ ಅಲ್ಲಿಯ ರೇಡಿಯೊ ಮತ್ತೆ ಆಟೋಗೆ ಹಾಕಿ ಬಂದೆ. ಈಗ ಕೇಳೋದು ಇಷ್ಟೆ: ಆಟೋ ಬಿಡಬೇಕೋ, ಲಾಕ್ ಮಾಡಬೇಕೋ? ಮಾಡೋದಾದರೆ ಎಷ್ಟಕ್ಕೆ?

ಬಯಲುಸೀಮೆ · 9:31

ಲಾಕ್ ಮಾಡ್ರಿ, ಆದ್ರ 15ಕ್ಕಲ್ಲ, 9ಕ್ಕ. ಗದಗ ಕಡೆ ನಮ್ಮ ಲಿಂಕ್ ಮೂರು ವರ್ಷದಿಂದ ಲಾಕ್ ಮಾಡಿಟ್ಟೀನಿ, ಒಂದು ದಿನ ತಕರಾರಿಲ್ಲ. ಆಟೋ ಅಂದ್ರ ದಿನಾ ತಲಿನೋವು.

ಮಳೆಹುಳ · 9:40

ಮಳೆ ಬಂದ್ರೆ ಸಿಗ್ನಲ್ ಹೋಗೋದು ಸಹಜ ಅಲ್ವಾ? ನಮ್ಮನೆ ಡಿಶ್ ಟಿವಿನೂ ಜೋರು ಮಳೆಗೆ ನಿಂತು ಹೋಗುತ್ತೆ. ಕಾರ್ತೀಕದ ತನಕ ಕಾಯೋದೇ ದಾರಿ.

ತಂತಿಯಿಲ್ಲದವ · 9:58

ಸ್ವಲ್ಪ ತಡೀರಿ. ಡಿಶ್ ಟಿವಿ ಬೇರೆ, ಇದು ಬೇರೆ. ಮಳೆಹನಿ ಎಷ್ಟು ಸಿಗ್ನಲ್ ತಿನ್ನುತ್ತೆ ಅನ್ನೋದು ಫ್ರೀಕ್ವೆನ್ಸಿ ಮೇಲೆ ಹೋಗುತ್ತೆ. ಗಂಟೆಗೆ 100 ಮಿ.ಮೀ. ಲೆಕ್ಕದಲ್ಲಿ, ಅಂದ್ರೆ ಆಗುಂಬೆಯ ಜಡಿಮಳೆಯ ಹಾಗೆ ಸುರೀತಿದ್ರೂ, 2 ಗಿಗಾಹರ್ಟ್ಸಿನಲ್ಲಿ ಒಂದು ಕಿ.ಮೀ.ಗೆ ಹೋಗೋದು ಡೆಸಿಬಲ್‌ನ ನೂರನೇ ಒಂದು ಭಾಗ (3 ಡೆಸಿಬಲ್ ಹೋದರೆ ಸಿಗ್ನಲ್ ಅರ್ಧ ಆದ ಹಾಗೆ). 5.8ರಲ್ಲಿ 1 ಡೆಸಿಬಲ್ ಆಸುಪಾಸು. ಡಿಶ್ ಟಿವಿಯ 12 ಗಿಗಾಹರ್ಟ್ಸಿಗೆ ಬಂದರೆ 5ಕ್ಕಿಂತ ಜಾಸ್ತಿ. 18ಕ್ಕೆ ಹೋದರೆ ಸುಮಾರು 10. ಕಾನುಮನೆಯವರದ್ದು 2.6 ಕಿ.ಮೀ. ಇಡೀ ದಾರಿ ಆ ಮಳೆ ಸುರಿದರೂ ಎರಡೂವರೆ, ಮೂರು ಡೆಸಿಬಲ್ ಹೋಗಬಹುದು. 80 ಇದ್ದದ್ದು 8 ಆಗೋದಕ್ಕೆ ಅದು ಸಾಲದು.

ಕಾನುಮನೆಯವರೇ, ಎರಡು ಸಂಖ್ಯೆ ಬೇಕು: ಸಿಗ್ನಲ್ ಎಷ್ಟು ಡಿಬಿಎಂ, ನಾಯ್ಸ್, ಅಂದ್ರೆ ಗದ್ದಲ, ಎಷ್ಟು ಡಿಬಿಎಂ. ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಮ್ಮಿ. ಬೇಸಿಗೆಯದ್ದು ನೆನಪಿದ್ದರೆ ಅದನ್ನೂ ಹೇಳಿ. ಅಷ್ಟರ ತನಕ ಯಾರ ಮಾತು ಕೇಳಿಯೂ ಲಾಕ್ ಮಾಡಬೇಡಿ.

ಹಾಸನದ ಡಿಶ್ · 10:05

ಡಿಶ್ ಟಿವಿ ವಿಷಯ ಬಂತಲ್ಲ, ಅದಕ್ಕೆ ನಾನು ಹೇಳ್ತೀನಿ. ಬ್ಯಾಂಕ್, ಎಟಿಎಂಗಳ ವಿಸ್ಯಾಟ್ (ಉಪಗ್ರಹದ ಮೂಲಕ ಡೇಟಾ ಕಳಿಸೋ ಸಣ್ಣ ಡಿಶ್) ಕೆಲಸದಲ್ಲಿ ಹನ್ನೊಂದು ವರ್ಷ ಇದ್ದವನು.

ಡಿಶ್ ಟಿವಿ ಮಳೆಗೆ ಪಟ್ ಅಂತ ನಿಲ್ಲೋದು ಯಾಕೆ, ವಿಸ್ಯಾಟ್ ಮಾತ್ರ ಕುಂಟಿಕೊಂಡಾದರೂ ಓಡೋದು ಯಾಕೆ? ಎರಡಕ್ಕೂ ಡಿವಿಬಿ-ಎಸ್2 ಅನ್ನೋ ಒಂದೇ ಪದ್ಧತಿ ಇರಬಹುದು. ಅದರಲ್ಲಿ 28 ಮೆಟ್ಟಿಲಿವೆ. ಕೆಳಗಿನ ಮೆಟ್ಟಿಲಿಗೆ ಸಿಗ್ನಲ್ಲು ಗದ್ದಲಕ್ಕಿಂತ 2 ಡೆಸಿಬಲ್ ಕಮ್ಮಿ ಇದ್ದರೂ ಸಾಕು, ಮೇಲಿನದಕ್ಕೆ 16 ಡೆಸಿಬಲ್ ಜಾಸ್ತಿ ಬೇಕು. ವಿಸ್ಯಾಟ್ ಪೆಟ್ಟಿಗೆ "ನನಗೀಗ ಇಷ್ಟು ಕೇಳಿಸ್ತಿದೆ" ಅಂತ ಹಬ್‌ಗೆ ವಾಪಸ್ ಹೇಳುತ್ತೆ, ಹಬ್ ಅದೊಂದು ಜಾಗಕ್ಕೆ ಮಾತ್ರ ಮೆಟ್ಟಿಲು ಇಳಿಸುತ್ತೆ. ಟಿವಿಯಲ್ಲಿ ಒಂದೇ ಕಿರಣ ಕೋಟಿ ಮನೆಗೆ ಹೋಗುತ್ತೆ, ವಾಪಸ್ ಹೇಳೋ ದಾರಿಯೇ ಇಲ್ಲ. ಸಕಲೇಶಪುರದಲ್ಲಿ ಮಳೆ ಅಂತ ಬಳ್ಳಾರಿಯವರ ಚಿತ್ರ ಮಂಕು ಮಾಡೋಕಾಗಲ್ಲ. ಹಾಗಾಗಿ ಒಂದೇ ಮೆಟ್ಟಿಲು, ಸಿಕ್ಕರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ಆರನೇ ಸೆಮ್ · 10:20

ಸರ್, ಮೆಟ್ಟಿಲು ಅಂದ್ರೆ ನಿಜವಾಗಿ ಏನು ಬದಲಾಗೋದು? ಪವರ್ ಜಾಸ್ತಿ ಮಾಡೋದಾ? ಕ್ಲಾಸಿನಲ್ಲಿ ಮಾಡ್ಯುಲೇಶನ್ ಚಿತ್ರ ಬರೆಸಿದ್ರು, ಆದ್ರೆ ಯಾವುದು ಯಾವಾಗ ಅಂತ ಹೇಳಲೇ ಇಲ್ಲ.

ಔಲು ಕನ್ನಡತಿ · 10:47

ಫಿನ್ಲೆಂಡಿನ ಔಲುನಲ್ಲಿ ಬೇಸ್ ಸ್ಟೇಶನ್ ಪರೀಕ್ಷೆ ಮಾಡೋದೇ ನನ್ನ ಕೆಲಸ. ನಾನು ತೀರ್ಥಹಳ್ಳಿಯವಳು, ಹಾಗಾಗಿ ನಮ್ಮ ಕಡೆಯ ರೀತಿಯಲ್ಲೇ ಹೇಳ್ತೀನಿ.

ತೋಟದಲ್ಲಿರೋ ಅಪ್ಪಯ್ಯನನ್ನು ಅಮ್ಮ ಅಂಗಳದಿಂದ ಕೂಗೋದು ನೆನಪು ಮಾಡ್ಕೊಳ್ಳಿ. ಚಳಿಗಾಲದ ಬೆಳಿಗ್ಗೆ, ಒಂದು ಎಲೆ ಅಲ್ಲಾಡಲ್ಲ: "ಸೊಸೈಟಿಯಿಂದ ಫೋನ್ ಬಂದಿತ್ತು, ಹನ್ನೊಂದು ಗಂಟೆಗೆ ಬರಕ್ಕೆ ಹೇಳಿದಾರೆ" ಅಂತ ಒಂದೇ ಉಸಿರಿಗೆ ಹೇಳ್ತಾರೆ, ಕೇಳಿಸುತ್ತೆ. ಮಳೆ ಹುಯ್ಯುವಾಗ ಅದೇ ಅಮ್ಮ "ಕೂ..." ಅಂತ ಉದ್ದಕ್ಕೆ ಒಂದು ಕೂ ಹಾಕ್ತಾರೆ. ಆಚೆಯಿಂದ "ಕೂ" ಬಂದ ಮೇಲೆ "ಮನೆಗೆ... ಬನ್ನಿ... ಮನೆಗೆ ಬನ್ನಿ" ಅಂತ ಎರಡೇ ಪದ, ಅದೂ ಎರಡು ಸಲ. ಗಂಟಲಿನ ಶಕ್ತಿ ಅಷ್ಟೇ. ಒಂದು ಉಸಿರಿನಲ್ಲಿ ಎಷ್ಟು ಸಂಗತಿ ತುಂಬಿದರು, ಎಷ್ಟು ಸಲ ತಿರುಗಿ ಹೇಳಿದರು ಅನ್ನೋದು ಮಾತ್ರ ಬದಲಾಯ್ತು.

ರೇಡಿಯೊದಲ್ಲೂ ಅಷ್ಟೆ. ಒಂದು ಸಂಕೇತದಲ್ಲಿ ಎಷ್ಟು ಬಿಟ್ ತುಂಬೋದು ಅನ್ನೋದು ಮಾಡ್ಯುಲೇಶನ್: ಕ್ಯುಪಿಎಸ್‌ಕೆಯಲ್ಲಿ 2, 16-ಕ್ವಾಮ್‌ನಲ್ಲಿ 4, 64-ಕ್ವಾಮ್‌ನಲ್ಲಿ 6, 256-ಕ್ವಾಮ್‌ನಲ್ಲಿ 8. ತಪ್ಪು ತಿದ್ದಿಕೊಳ್ಳೋದಕ್ಕೆ ಎಷ್ಟು ಹೆಚ್ಚುವರಿ ಬಿಟ್ ಸೇರಿಸೋದು ಅನ್ನೋದು ಕೋಡಿಂಗ್. ಎರಡೂ ಸೇರಿ ಎಂಸಿಎಸ್. ಒಂದು ಸಂಕೇತಕ್ಕೆ ಇನ್ನೊಂದು ಬಿಟ್ ತುಂಬಬೇಕಾದರೆ ಸುಮಾರು 3 ಡೆಸಿಬಲ್, ಅಂದ್ರೆ ಎರಡರಷ್ಟು ಶುದ್ಧ ಸಿಗ್ನಲ್ ಬೇಕು. ಈ ಬೆಲೆಯನ್ನು ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲೇ ಲೆಕ್ಕ ಹಾಕಿ ಇಟ್ಟಿದ್ದಾರೆ, ಯಾರಿಗೂ ಅದರಲ್ಲಿ ರಿಯಾಯಿತಿ ಸಿಕ್ಕಿಲ್ಲ.

4ಜಿಯಲ್ಲಿ ನಿಮ್ಮ ಫೋನು ಟವರಿಗೆ 0ಯಿಂದ 15ರ ತನಕ ಒಂದು ಸಂಖ್ಯೆ ಕಳಿಸ್ತಾ ಇರುತ್ತೆ, ಅದಕ್ಕೆ ಸಿಕ್ಯುಐ ಅಂತಾರೆ. 64-ಕ್ವಾಮ್ ತನಕದ ಪಟ್ಟಿಯಲ್ಲಿ 1ಕ್ಕೂ 15ಕ್ಕೂ ಮಧ್ಯೆ ಇರೋ ವ್ಯತ್ಯಾಸ 36 ಪಟ್ಟು! ಟವರು ಒಂದು ಮಿಲಿಸೆಕೆಂಡಿಗೊಮ್ಮೆ ಯಾರಿಗೆ ಯಾವ ಮೆಟ್ಟಿಲು ಅಂತ ತೀರ್ಮಾನ ಮಾಡುತ್ತೆ. ಫೋನ್ ಹೇಳೋ ಮೆಟ್ಟಿಲು ಯಾವುದು ಗೊತ್ತಾ? ನೂರಕ್ಕೆ ಹತ್ತಕ್ಕಿಂತ ಜಾಸ್ತಿ ತಪ್ಪಾಗದ ಹಾಗೆ ಎಷ್ಟು ಮೇಲೆ ಹೋಗಬಹುದೋ ಅಷ್ಟು.

ಮಳೆಹುಳ · 10:55

ನೂರಕ್ಕೆ ಹತ್ತು ತಪ್ಪು?! ಗೊತ್ತಿದ್ದೂ ಬಿಡ್ತಾರಾ? ಇದು ನಂಬೋ ಮಾತಲ್ಲ. ದುಡ್ಡು ಕೊಟ್ಟವರ ಡೇಟಾ ಅದು.

ಔಲು ಕನ್ನಡತಿ · 11:08

ಬಿಡೋದಲ್ಲ, ಲೆಕ್ಕ ಹಾಕಿ ಒಪ್ಪಿಕೊಳ್ಳೋದು. ಉದಾಹರಣೆಗೆ ಒಂದು ಮೆಟ್ಟಿಲಿನಲ್ಲಿ 100 ಮೂಟೆ ಹೊರಬಹುದು, 10 ಬೀಳುತ್ತೆ: ಮನೆ ಸೇರಿದ್ದು 90. ಕೆಳಗಿನ ಮೆಟ್ಟಿಲಿನಲ್ಲಿ 80 ಮಾತ್ರ ಹೊರಬಹುದು, ಬೀಳೋದು ಒಂದೇ: ಸೇರಿದ್ದು 79. ಯಾವುದು ಲಾಭ? ಬಿದ್ದ ಹತ್ತು ಮೂಟೆ ಕಳೆದು ಹೋಗಲ್ಲ, ಎಂಟು ಮಿಲಿಸೆಕೆಂಡಿನಲ್ಲಿ ಮತ್ತೆ ಬರುತ್ತೆ. ಮೊದಲ ಸಲ ಹಾಳಾಗಿ ಬಂದ ಪ್ರತಿಯನ್ನೂ ಫೋನ್ ಎಸೆಯಲ್ಲ, ಇಟ್ಕೊಂಡಿರುತ್ತೆ. ಎರಡನೆಯದನ್ನು ಅದರ ಜೊತೆ ಕೂಡಿಸಿ ಓದುತ್ತೆ. ಒಂದೊಂದೇ ಆಗಿದ್ದರೆ ಎರಡೂ ಅರ್ಥ ಆಗ್ತಿರಲಿಲ್ಲ, ಸೇರಿಸಿದರೆ ಆಗುತ್ತೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಭಾಗ ಇದೇ.

ಒಂದೂ ತಪ್ಪಬಾರದು ಅಂತ ಕೂತರೆ ಸದಾ ಕೆಳಗಿನ ಮೆಟ್ಟಿಲಲ್ಲೇ ಇರಬೇಕಾಗುತ್ತೆ. ಕಾರ್ಖಾನೆಯ ಯಂತ್ರದಂಥವಕ್ಕೆ 5ಜಿಯಲ್ಲಿ ಬೇರೆ ಪಟ್ಟಿಯೇ ಇದೆ, ಅಲ್ಲಿ ಲಕ್ಷಕ್ಕೆ ಒಂದು ತಪ್ಪಿನ ಗುರಿ. ಅದಕ್ಕೆ ತೆರೋ ಬೆಲೆ ವೇಗ.

ಮಳೆಹುಳ · 11:15

ಮೂಟೆ ಲೆಕ್ಕ ಅರ್ಥ ಆಯ್ತು ಅಕ್ಕ. ಒಪ್ಪಿದೆ.

ಕಾನುಮನೆ · ಜುಲೈ 21, ಬೆಳಿಗ್ಗೆ 7:50

ರಾತ್ರಿ ಕರೆಂಟು ಹೋಗಿತ್ತು, ಈಗ ನೋಡಿದೆ. ಎಷ್ಟು ಜನ ಬರೆದಿದ್ದೀರಿ, ತುಂಬಾ ಉಪಕಾರ ಆಯ್ತು. ಫೆಬ್ರವರಿಯಲ್ಲಿ ತೆಗೆದ ಫೋಟೋ ಸಿಕ್ಕಿತು: ಸಿಗ್ನಲ್ −58, ನಾಯ್ಸ್ −92. ಈಗ ಸಿಗ್ನಲ್ −71ರಿಂದ −79ರ ನಡುವೆ ಹೊಯ್ದಾಡ್ತಿದೆ, ನಾಯ್ಸ್ −92ರಲ್ಲೇ ಇದೆ. ಡಿಶ್ ಎರಡೂ 23 ಡಿಬಿಐ (ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಕೂಡಿಸೋ ಶಕ್ತಿ), ಪವರ್ 13 ಡಿಬಿಎಂ.

ತಂತಿಯಿಲ್ಲದವ · 8:20

ಬಹಳ ಒಳ್ಳೆಯ ಮಾಹಿತಿ. 2.6 ಕಿ.ಮೀ. ಖಾಲಿ ಗಾಳಿಯಲ್ಲಿ 5.8 ಗಿಗಾಹರ್ಟ್ಸಿಗೆ 116 ಡೆಸಿಬಲ್ ನಷ್ಟ. 13, ಅದಕ್ಕೆ 23, ಮತ್ತೆ 23 ಕೂಡಿಸಿ 116 ಕಳೆಯಿರಿ: −57. ಬೇಸಿಗೆಯಲ್ಲಿ ಬಂದದ್ದು −58. ಅಂದ್ರೆ ಆ ಹುಡುಗ ಡಿಶ್ ತಿರುಗಿಸಿದ್ದು ಅಚ್ಚುಕಟ್ಟಾಗಿದೆ, ಪವರ್ ಕೂಡ ಕಾನೂನಿನ ಮಿತಿಯೊಳಗೆ ಇಟ್ಟಿದ್ದಾನೆ. ಲಾಕ್ ಸಲಹೆ ಮಾತ್ರ ತಪ್ಪು.

ಈಗ 13ರಿಂದ 21 ಡೆಸಿಬಲ್ ಎಲ್ಲೋ ಹೋಗ್ತಿದೆ. ಮಳೆಗೆ ಮೂರು ಬಿಟ್ಟರೂ ಹತ್ತಕ್ಕೆ ಲೆಕ್ಕ ಸಿಗಲ್ಲ. ಸಿಗ್ನಲ್ಲಿಗೂ ನಾಯ್ಸಿಗೂ 34 ಡೆಸಿಬಲ್ ಅಂತರ ಇದ್ದಾಗ 15ನೇ ಮೆಟ್ಟಿಲು, ಅಂದ್ರೆ 64-ಕ್ವಾಮ್, ಗಾಳಿಯಲ್ಲಿ 130 ಎಂಬಿಪಿಎಸ್ (ಕೈಗೆ ಸಿಗೋದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ). ಈಗ ಅಂತರ ಕುಸಿದಾಗ 13. ಅಲ್ಲಿ ಆಟೋ ಕ್ಯುಪಿಎಸ್‌ಕೆಗೆ ಇಳಿದದ್ದು ಸರಿಯಾಗೇ ಇದೆ. ನೀವು 15ಕ್ಕೆ ಲಾಕ್ ಮಾಡಿದಾಗ ಲಿಂಕ್ ಸತ್ತದ್ದೂ ಅದಕ್ಕೇ: ಮಳೆಯಲ್ಲಿ ಅಮ್ಮನಿಗೆ ಒಂದೇ ಉಸಿರಿನಲ್ಲಿ ಸೊಸೈಟಿ ಕತೆ ಹೇಳಿ ಅಂದ ಹಾಗಾಯ್ತು.

ಸಿಗ್ನಲ್ ಕುಸಿದದ್ದಷ್ಟೇ ಅಲ್ಲ, ಹೊಯ್ದಾಡ್ತಿದೆ ಅಂದಿರಿ. ಅದು ಮುಖ್ಯ. ಮಳೆ ಬಿಟ್ಟ ಹೊತ್ತಲ್ಲಿ ಎಷ್ಟಿರುತ್ತೆ? ಗಾಳಿ ಬಂದಾಗ?

ಕಡಲತಡಿ · 8:41

ಮಾರಾಯ್ರೆ, ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಕುಂದಾಪುರದಲ್ಲಿ ನಮ್ಮದು ಹೀಗೇ ಆಗಿತ್ತು. ಟೇಪಿನೊಳಗೆ ನೀರು ಹೋಗಿ ಹಸಿರು ಕಿಲುಬು ಹಿಡಿದಿತ್ತು. ಆದರೆ ನೀರಾದರೆ ಸಿಗ್ನಲ್ ಕುಸಿದು ಅಲ್ಲೇ ಕೂರ್ತದೆ, ಗಾಳಿಗೆ ಕುಣಿಯೋದಿಲ್ಲ. ಇಬ್ಬನಿಯ ದಿನವೂ ಹಾಗೆಯೇ ಇರ್ತದೆ.

ಬಯಲುಸೀಮೆ · 9:02

ನಾ ಹೇಳಿದ್ದು 9ಕ್ಕ ಲಾಕ್ ಮಾಡ್ರಿ ಅಂತ. 13 ಡೆಸಿಬಲ್ ಇದ್ರ 9 ಆರಾಮ ನಡೀತೈತಿ. 26 ಎಂಬಿಪಿಎಸ್ ಲಿಂಕ್, ಕೈಗೆ 15 ಸಿಗತೈತಿ, ಕುಣಿಯಂಗಿಲ್ಲ. ಮೀಟಿಂಗಿಗೆ ಅಷ್ಟು ಸಾಕಲ್ಲೇನ್ರಿ? ಆಟೋ ಮ್ಯಾಲೆ ಹೋಗಿ ಬಿದ್ದು, ಮತ್ತ ಎದ್ದು, ಅಷ್ಟರಾಗ ಮಾತು ತುಂಡಾಗೋದು.

ತಂತಿಯಿಲ್ಲದವ · 9:15

ಆ ಮಾತಿನಲ್ಲಿ ಸತ್ಯ ಇದೆ, ತಳ್ಳಿಹಾಕಲ್ಲ. ಆದರೆ ಗದಗದ ಬಯಲಿನಲ್ಲಿ ನಿಮ್ಮ ಸಿಗ್ನಲ್ ದಾರಿಯ ಸ್ಥಿತಿ ಬದಲಾಗೋದೇ ಇಲ್ಲ, ಅದಕ್ಕೇ ನಿಮ್ಮ ಲಾಕ್ ಗೆದ್ದಿದೆ. ಇವರದ್ದು −79ಕ್ಕಿಂತ ಇನ್ನಷ್ಟು ಕೆಳಗೆ ಜಾರಿದರೆ 9 ಸಾಯಬಹುದು, ಆಟೋ ಇದ್ದರೆ 8ರಲ್ಲಿ ಉಸಿರಾಡುತ್ತೆ.

ಹೊಳೆಬಾಗಿಲು · 9:30

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. 2 ಗಿಗಾಹರ್ಟ್ಸಿಗೆ ಮಳೆ ಏನೂ ಮಾಡಲ್ಲ ಅಂದ್ರಲ್ಲ, ಮತ್ತೆ ನಮ್ಮ ಕಡೆ ಮಳೆ ಬಂದಾಗ 4ಜಿ ಯಾಕೆ ಆಮೆ ಆಗುತ್ತೆ? ಫೋನಿನಲ್ಲಿ ನಾಲ್ಕೂ ಕಡ್ಡಿ ಇರುತ್ತೆ!

ಔಲು ಕನ್ನಡತಿ · 9:52

ಕಡ್ಡಿ ತೋರಿಸೋದು ಸಿಗ್ನಲ್ ಎಷ್ಟು ಜೋರು ಅಂತ ಮಾತ್ರ, ಎಷ್ಟು ಸ್ಪಷ್ಟ ಅಂತ ಅಲ್ಲ. ಜಾತ್ರೆಯಲ್ಲಿ ನಿಮ್ಮ ಪಕ್ಕದವರು ಕೂಗಿದರೂ ಅರ್ಥ ಆಗಲ್ಲವಲ್ಲ, ಹಾಗೆ. ನೋಡಬೇಕಾದ್ದು ಎಸ್‌ಐಎನ್‌ಆರ್ ಅನ್ನೋ ಅಂಕಿ, ಅಂದ್ರೆ ಸಿಗ್ನಲ್ಲು ಗದ್ದಲಕ್ಕಿಂತ ಎಷ್ಟು ಡೆಸಿಬಲ್ ಮೇಲಿದೆ ಅನ್ನೋದು. 20ರ ಮೇಲಿದ್ದರೆ ಚೆನ್ನ, 0ಯ ಹತ್ತಿರ ಇದ್ದರೆ ಕಡ್ಡಿ ತುಂಬಿದ್ದರೂ ಪ್ರಯೋಜನ ಇಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಟವರಿನ ಹಿಂದೆ ಇದೆ. ಮಲೆನಾಡಿನ ಎಷ್ಟೋ ಟವರಿಗೆ ಫೈಬರ್ ಇಲ್ಲ, ಮುಂದಿನ ಗುಡ್ಡದ ಟವರಿಗೆ ಮೈಕ್ರೋವೇವ್ ಡಿಶ್ ನೋಡ್ತಾ ಕೂತಿರುತ್ತೆ. ಅದು ಓಡೋದು 15, 18 ಗಿಗಾಹರ್ಟ್ಸಿನಲ್ಲಿ. ಅಲ್ಲಿ ಮಳೆ ನಿಜವಾಗಿಯೂ ಹೊಡೆಯುತ್ತೆ. ಹಿಂದಿನ ಕಾಲದಲ್ಲಾಗಿದ್ದರೆ ಟವರ್ ಪೂರ್ತಿ ಮಾತು ಬಿಡ್ತಿತ್ತು. ಈಗಿನ ಮೈಕ್ರೋವೇವ್ ರೇಡಿಯೊ 256-ಕ್ವಾಮ್‌ನಿಂದ ಕ್ಯುಪಿಎಸ್‌ಕೆಗೆ ಇಳಿದು, ಕರೆಗಳನ್ನು ಮೊದಲು ದಾಟಿಸಿ, ಉಳಿದದ್ದನ್ನು ಕಾಯಿಸುತ್ತೆ. ಫೋನಿಗೆ ಕಡ್ಡಿ ಪೂರ್ತಿ, ಕರೆ ಚೆನ್ನಾಗಿ ಹೋಗುತ್ತೆ, ನೆಟ್ ಮಾತ್ರ ಆಮೆ. ಹೀಗಿದ್ದರೆ ಕಾರಣ ಇದೇ ಅಂತ ಧಾರಾಳ ಅನುಮಾನ ಪಡಬಹುದು. ಮಳೆಗೆ ಎಲ್ಲರೂ ಮನೆಯೊಳಗೆ ಕೂತು ವಿಡಿಯೊ ಹಾಕೋದೂ ಸೇರುತ್ತೆ.

ಹೊಳೆಬಾಗಿಲು · 10:01

ಕರೆ ಸರಿಯಾಗೇ ಹೋಗುತ್ತೆ! ಇದನ್ನು ನಾನು ಗಮನಿಸಿದ್ದೆ, ಕಾರಣ ಗೊತ್ತಿರಲಿಲ್ಲ.

ರೈಲುಪ್ರೇಮಿ · 10:18

ರೈಲಿನದ್ದೂ ಹೇಳಿ. ಟವರ್ ಪಕ್ಕದಲ್ಲೇ ಕಾಣ್ತಿದ್ದರೂ ಓಡೋ ರೈಲಿನಲ್ಲಿ ನೆಟ್ ಯಾಕೆ ಎಳೆಯುತ್ತೆ? ಸಕಲೇಶಪುರ–ಸುಬ್ರಹ್ಮಣ್ಯದ 57 ಸುರಂಗ ಬಿಡಿ, ಅಲ್ಲಿ ಸಿಗ್ನಲ್ ಇಲ್ಲ. ಮಂಡ್ಯದ ಬಯಲಿನಲ್ಲೂ ಹೀಗೇ.

ಔಲು ಕನ್ನಡತಿ · 10:33

ಸುದ್ದಿ ಹಳೇದಾಗೋದು. 2300 ಮೆಗಾಹರ್ಟ್ಸಿನ ಅಲೆಯ ಉದ್ದ 13 ಸೆಂ.ಮೀ. ಅದರ ಅರ್ಧದಷ್ಟು ಸರಿದರೂ ಸಿಗ್ನಲ್ ಏರಿ ಇಳಿಯಬಹುದು. ಗಂಟೆಗೆ 100 ಕಿ.ಮೀ. ಹೋಗುವಾಗ ಸಿಗ್ನಲ್ ದಾರಿಯ ಸ್ಥಿತಿ ಒಂದೇ ಥರ ಇರೋದು ಎರಡು ಮಿಲಿಸೆಕೆಂಡ್ ಮಾತ್ರ. ಫೋನ್ "ಚೆನ್ನಾಗಿದೆ" ಅಂತ ಹೇಳಿ, ಟವರ್ ಅದನ್ನು ಕೇಳಿ ಕಳಿಸೋ ಹೊತ್ತಿಗೆ ಚೆನ್ನಾಗಿರೋದು ಮುಗಿದಿರುತ್ತೆ. ಹಾಗಾಗಿ ಟವರು ಫೋನಿನ ಮಾತನ್ನು ಪೂರ್ತಿ ನಂಬಲ್ಲ, ತನ್ನದೂ ಒಂದು ಲೆಕ್ಕ ಇಟ್ಕೊಂಡಿರುತ್ತೆ: ಒಂದು ಸಲ ತಪ್ಪಿದರೆ ಒಂಬತ್ತು ಹೆಜ್ಜೆ ಇಳಿ, ಒಂದು ಸಲ ಸರಿಹೋದರೆ ಒಂದೇ ಹೆಜ್ಜೆ ಏರು. ಹತ್ತಕ್ಕೆ ಒಂದು ತಪ್ಪು ಅನ್ನೋ ಗುರಿ ಅಲ್ಲಿ ತಾನಾಗಿ ನಿಲ್ಲುತ್ತೆ.

ತೋಟದ ತೇವ · 11:40

ನಮ್ಮ ತೋಟದಲ್ಲಿ ಮಣ್ಣಿನ ತೇವ ನೋಡೋ ಲೋರಾ (ದೂರಕ್ಕೆ ಸಣ್ಣ ಸಂದೇಶ ಕಳಿಸೋ ರೇಡಿಯೊ) ಸೆನ್ಸರ್ ಇಟ್ಟಿದೀನಿ, 865 ಮೆಗಾಹರ್ಟ್ಸಿನವು. ಅಲ್ಲೂ ಇದೇ ಏಣಿ: ಮೇಲೆ ಸೆಕೆಂಡಿಗೆ 5470 ಬಿಟ್, ಕೆಳಗೆ ಬರೀ 250. ಆದರೆ ಕೆಳಗಿನದ್ದು ಗದ್ದಲಕ್ಕಿಂತ 20 ಡೆಸಿಬಲ್ ಮೆತ್ತಗಿನ ಸಿಗ್ನಲ್ಲನ್ನೂ ಹೆಕ್ಕುತ್ತೆ, ಇದು ನನಗೆ ಇವತ್ತಿಗೂ ಆಶ್ಚರ್ಯ. ಬೆಲೆ ಬ್ಯಾಟರಿಯದ್ದು. ಒಂದೇ ಸಣ್ಣ ಸಂದೇಶಕ್ಕೆ ಮೇಲೆ ಕಣ್ಣು ಮಿಟುಕಿಸೋವಷ್ಟು ಹೊತ್ತು, ಕೆಳಗೆ ಸೆಕೆಂಡಿಗಿಂತ ಜಾಸ್ತಿ ರೇಡಿಯೊ ಉರೀಬೇಕು. ಸರ್ವರು ಕೊನೆಯ 20 ಸಂದೇಶ ನೋಡಿ ಮೆಟ್ಟಿಲು ಹೇಳುತ್ತೆ. ಗಂಟೆಗೊಂದು ಸಂದೇಶ ಅಂದ್ರೆ ಸುಮಾರು ಒಂದು ದಿನದ ಚರಿತ್ರೆ. ನೆಟ್ಟಲ್ಲೇ ಇರೋ ಸೆನ್ಸರಿಗೆ ಸಾಕು. ಹಸುವಿನ ಕೊರಳಿಗೆ ಕಟ್ಟಿದ್ದೆ, ಅದಕ್ಕೆ ಮಾತ್ರ ಆಗಿಬರಲಿಲ್ಲ. ಅದು ಗುಡ್ಡದಾಚೆ ಮೇಯೋಕೆ ಹೋದ ಮೇಲೆ ಹಟ್ಟಿಯ ಲೆಕ್ಕದಲ್ಲೇ ಕಳಿಸ್ತಿತ್ತು.

ಕಾನುಮನೆ · ಜುಲೈ 22, ಸಂಜೆ 6:05

ಮಧ್ಯಾಹ್ನ ಹೊಳವಾಗಿತ್ತು. ಮಳೆ ನಿಂತ ಮೇಲೂ −70, ಗಾಳಿ ಬೀಸಿದಾಗ −78. ಅಂದ್ರೆ ಮಳೆ ಅಲ್ಲ. ಕನೆಕ್ಟರ್ ಬಿಚ್ಚಿ ನೋಡಿದೆ, ಒಣಗಿದೆ. ಆಮೇಲೆ ಅಪ್ಪನ ದುರ್ಬೀನು ಹಿಡಿದು ಮಾಡು ಹತ್ತಿದೆ. ಮನೆಯಿಂದ ಸುಮಾರು 400 ಮೀಟರ್ ಆಚೆ, ಬೆಟ್ಟದ ಅಂಚಿನಲ್ಲಿ ಒಂದು ಬಿದಿರುಮೆಳೆ ಇದೆ. ಫೆಬ್ರವರಿಯಲ್ಲಿ ಎಲೆ ಉದುರಿಸಿ ಬೋಳಾಗಿತ್ತು, ಗಮನಕ್ಕೇ ಬಂದಿರಲಿಲ್ಲ. ಈಗ ಚಿಗುರಿ, ನೀರಿನ ಭಾರಕ್ಕೆ ಬಾಗಿ, ತುದಿ ಓಲಾಡ್ತಿದೆ. ಅತ್ತ ಹೋದಾಗ ಚಿಕ್ಕಪ್ಪನ ಡಿಶ್ ಕಾಣುತ್ತೆ, ಇತ್ತ ಬಂದಾಗ ಮರೆಯಾಗುತ್ತೆ!

ತಂತಿಯಿಲ್ಲದವ · 6:14

ಸಿಕ್ಕಿತು. ಒದ್ದೆ ಎಲೆ ಅಂದ್ರೆ ನೀರಿನ ಗೋಡೆ. ಎಂಸಿಎಸ್ ಕುಣಿತದ ತಾಳ ಆ ಬಿದಿರಿನದ್ದು.

ಒಂದು ಮಾತು: ಡಿಶ್ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆ ದಾರದ ಹಾಗೆ ಹೋಗಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಹಾಗೆ ಹೋಗುತ್ತೆ, ಅದು ಫ್ರೆನೆಲ್ ವಲಯ. ನಿಮ್ಮ ಲಿಂಕಿನ ಮಧ್ಯದಲ್ಲಿ ಅದರ ತ್ರಿಜ್ಯ 5.8 ಮೀಟರ್, ಬಿದಿರಿರೋ ಜಾಗದಲ್ಲಿ ಸುಮಾರು 4.2. ಅದರ ಶೇಕಡ 60, ಅಂದ್ರೆ ಎರಡೂವರೆ ಮೀಟರ್ ಆದರೂ ಬಿದಿರಿನ ತುದಿಯ ಮೇಲೆ ಖಾಲಿ ಇರಬೇಕು.

ಮಳೆಹುಳ · 6:20

ಕಡಿದು ಹಾಕಿ, ಮುಗೀತು.

ಕಾನುಮನೆ · 6:31

ಅದು ಬೆಟ್ಟದ ಜಾಗ, ಹಾಗೆಲ್ಲ ಕಡಿಯೋಕೆ ಬರಲ್ಲ. ಅಲ್ಲದೆ ಆ ಮೆಳೆಯ ಕಳಲೆ ಊರಿಗೆಲ್ಲ ಬೇಕು. ಅಮ್ಮ ಕೇಳಿದರೆ ನೆಟ್ ಬೇಡ, ಬಿದಿರು ಇರಲಿ ಅಂತಾರೆ.

ಕಡಲತಡಿ · 6:38

ಕಳಲೆ ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಹೆಸರುಕಾಳು ಹಾಕಿ ಪಲ್ಯ ಮಾಡ್ಬೇಕು. ಡಿಶ್ ಮೇಲೆ ಎತ್ತಿ ಮಾರಾಯ್ರೆ, ಬಿದಿರು ಮುಟ್ಟಬೇಡಿ.

ತಂತಿಯಿಲ್ಲದವ · 6:50

ಹೌದು, ಎತ್ತೋದೇ ಸರಿ. ಬಿದಿರು ನಿಮ್ಮ ತುದಿಗೆ ಹತ್ತಿರ ಇರೋದು ಅದೃಷ್ಟ. ನಿಮ್ಮ ಡಿಶ್ 6 ಮೀಟರ್ ಮೇಲೆ ಹೋದರೆ ಆ ಜಾಗದಲ್ಲಿ ದಾರಿ 5 ಮೀಟರ್ ಮೇಲೇಳುತ್ತೆ. 20 ಅಡಿಯ ಜಿಐ ಪೈಪು, ಮೂರು ಕಡೆ ತಂತಿ ಬಿಗಿದು ಕಟ್ಟಿ. ಅರ್ಥಿಂಗ್ ಮರೀಬೇಡಿ, ನಮ್ಮ ಕಡೆ ಸಿಡಿಲು ಸುಮ್ಮನೆ ಬಿಡಲ್ಲ. ಮಳೆ ಬಿಡುವಿದ್ದಾಗ, ಜೊತೆಗೆ ಇನ್ನೊಬ್ಬರಿದ್ದಾಗ ಮಾತ್ರ ಹತ್ತಿ.

ಕಾನುಮನೆ · ಜುಲೈ 27, ರಾತ್ರಿ 10:02

ಶನಿವಾರ ಪೈಪು ನಿಲ್ಲಿಸಿದೆವು, ಚಿಕ್ಕಪ್ಪನ ಮಗನೂ ಬಂದಿದ್ದ. ಜಡಿಮಳೆಯಲ್ಲೂ ಸಿಗ್ನಲ್ −60, ಅಲ್ಲಾಡ್ತಿಲ್ಲ. ಎಂಸಿಎಸ್ 14–15. ಹಗಲು 70ರ ಮೇಲೆ ಬರ್ತಿದೆ. ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ಆದರೆ ಒಂದು ಹೊಸ ಸಂಗತಿ. ರಾತ್ರಿ 8ರಿಂದ 10ರ ತನಕ ಎಂಸಿಎಸ್ ಮತ್ತೆ 10, 11ಕ್ಕೆ ಬೀಳ್ತಿದೆ. ಸಿಗ್ನಲ್ ಮಾತ್ರ −60ರಲ್ಲೇ ಇದೆ. ಮೊದಲೂ ಹೀಗಿತ್ತೋ ಏನೋ, ಬಿದಿರಿನ ಗಲಾಟೆಯಲ್ಲಿ ಗೊತ್ತಾಗಿರಲಿಲ್ಲ.

ಬಯಲುಸೀಮೆ · 10:10

ನೋಡ್ರಿ, ಈಗರ ನನ್ನ ಮಾತು ಕೇಳ್ತೀರೇನು? ಸಿಗ್ನಲ್ ಚಲೋ ಐತಿ, ಆಟೋ ಸುಮ್‌ಸುಮ್ಮನ ಇಳೀತೈತಿ.

ತಂತಿಯಿಲ್ಲದವ · 10:34

ಈ ಸಲ ಅರ್ಧ ನಿಮ್ಮ ಕಡೆ. ಹತ್ತಿರದಲ್ಲಿ ರಾತ್ರಿ ಹೊತ್ತು ಮಾತ್ರ ಓಡೋ ಇನ್ನೊಂದು ರೇಡಿಯೊ ಇರಬೇಕು. ಇದು ಆಟೋದ ನಿಜವಾದ ದೌರ್ಬಲ್ಯ. ಪ್ಯಾಕೆಟ್, ಅಂದ್ರೆ ಡೇಟಾದ ಮೂಟೆ, ಮುಟ್ಟಲಿಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ, ಯಾಕೆ ಮುಟ್ಟಲಿಲ್ಲ ಅಂತ ಗೊತ್ತಾಗಲ್ಲ. ಸಿಗ್ನಲ್ ಕುಂದಿದ್ದಕ್ಕೆ ಹೋಯ್ತೋ, ಬೇರೆಯವರ ಮಾತು ಡಿಕ್ಕಿ ಹೊಡೆದು ಹೋಯ್ತೋ, ಅದಕ್ಕೆ ಎರಡೂ ಒಂದೇ. ಕುಂದಿದ್ದರೆ ನಿಧಾನ ಮಾಡೋದು ಮದ್ದು. ಡಿಕ್ಕಿ ಆಗಿದ್ದರೆ ಅದೇ ವಿಷ: ನಿಧಾನ ಮಾಡಿದಷ್ಟೂ ಪ್ಯಾಕೆಟ್ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತೆ, ಇನ್ನಷ್ಟು ಡಿಕ್ಕಿ, ಇನ್ನೂ ನಿಧಾನ.

1997ರಲ್ಲಿ ವೇವ್‌ಲ್ಯಾನ್ ಕಾರ್ಡುಗಳಿಗೆ ಬಂದ ಎಆರ್‌ಎಫ್ ಅನ್ನೋ ವಿಧಾನದಿಂದಲೇ ಈ ತೊಂದರೆ ಇದೆ. ಅದು ಹತ್ತು ಪ್ಯಾಕೆಟ್ ಸರಿಹೋದರೆ ಒಂದು ಮೆಟ್ಟಿಲು ಏರ್ತಿತ್ತು, ಸಾಲಾಗಿ ಎರಡು ತಪ್ಪಿದರೆ ಇಳೀತಿತ್ತು. ಸರಳ, ಆದರೆ ಕುರುಡು. ಆಮೇಲೆ ಲಿನಕ್ಸಿನಲ್ಲಿ ಬಂದ ಮಿನ್‌ಸ್ಟ್ರೆಲ್ ವಾಸಿ. ಅದು ನೂರಕ್ಕೆ ಹತ್ತರಷ್ಟು ಪ್ಯಾಕೆಟ್ ಬೇರೆ ಬೇರೆ ರೇಟಿನಲ್ಲಿ ಕಳಿಸಿ ನೋಡಿ, ಯಾವುದರಲ್ಲಿ ನಿಜವಾಗಿ ಜಾಸ್ತಿ ಮಾಲು ಮುಟ್ಟುತ್ತೆ ಅಂತ ಲೆಕ್ಕ ಇಡುತ್ತೆ. ಆದರೂ ಡಿಕ್ಕಿಗೆ ಔಷಧ ಚಾನೆಲ್ ಬದಲಾವಣೆಯೇ ಹೊರತು ರೇಟ್ ಅಲ್ಲ. ಚಿಕ್ಕಪ್ಪನ ಮನೆ ಕಡೆಯಿಂದ ರಾತ್ರಿ ಒಂಬತ್ತಕ್ಕೆ ಸ್ಕ್ಯಾನ್ ಮಾಡಿ.

ಕಾನುಮನೆ · ಜುಲೈ 28, ರಾತ್ರಿ 9:48

ಸ್ಕ್ಯಾನ್ ಮಾಡಿದೆ. ಗುಡ್ಡದ ಮೇಲೆ ಒಂದು ಹೋಂಸ್ಟೇ ಇದೆ, ಮಳೆ ನೋಡೋಕೆ ಜನ ಬರ್ತಾರೆ. ಅವರ ವೈಫೈಯೂ ನಮ್ಮ ಲಿಂಕೂ ಒಂದೇ 149ನೇ ಚಾನೆಲ್! ಊಟ ಮುಗಿಸಿ ಎಲ್ಲರೂ ಫೋನ್ ಹಿಡಿಯೋ ಹೊತ್ತಿಗೆ ನಮ್ಮ ಲಿಂಕ್ ಕುಸೀತಿತ್ತು. 165ಕ್ಕೆ ಹೋದೆ. ಈಗ ಒಂಬತ್ತೂಮುಕ್ಕಾಲು, ಎಂಸಿಎಸ್ 15, ಕೈಗೆ 74.

ತಂತಿಯಿಲ್ಲದವ · 9:55

ಇನ್ನು ಒಂದೇ ಕೆಲಸ. ಮೇಲಿನ ಮಿತಿ 14ಕ್ಕೆ ಇಡಿ, ಕೆಳಗೆ ಆಟೋ ಬಿಡಿ. ಮಳೆಯಲ್ಲಿ 15 ತುದಿಗಾಲಿನ ಮೇಲೆ ನಿಂತ ಹಾಗೆ, ಏರಿ ಇಳಿಯೋದರಲ್ಲೇ ರೀಟ್ರೈ ಜಾಸ್ತಿ. 130ರ ಬದಲು 117 ಸಿಗುತ್ತೆ, ಆದರೆ ಮಾತು ತುಂಡಾಗಲ್ಲ. ಬಯಲುಸೀಮೆಯವರ ಲಾಕ್‌ನಲ್ಲಿ ಇರೋ ಒಳ್ಳೆಯ ಅಂಶ ಇದು.

ಬಯಲುಸೀಮೆ · 10:03

ಇದಕ್ಕ ನಾನೂ ಹ್ಞೂ ಅಂತೀನಿ. ನಮ್ಮಲ್ಲೂ ನಾಳೆ ಹಂಗ ಮಾಡಿ ನೋಡ್ತೀನಿ, ಮ್ಯಾಲೆ ಮಿತಿ, ಕೆಳಗ ಆಟೋ.

ಆರನೇ ಸೆಮ್ · 10:15

ಕಾನುಮನೆ ಅಣ್ಣ, ಒಂದು ವಿನಂತಿ. ನಾನು ಶಿರಸಿಯವನು, ಪ್ರಾಜೆಕ್ಟಿಗೆ ಇದನ್ನೇ ತಗೊಳ್ಳೋಣ ಅಂತಿದೀನಿ. ಹಳೇ ಡಿಶ್ ಒಂದನ್ನು ಮೊದಲಿದ್ದ ಎತ್ತರದಲ್ಲೇ ಇಟ್ಟು, ಬಿದಿರು ಅಡ್ಡ ಬಂದಾಗ ಸೆಕೆಂಡಿಗೊಮ್ಮೆ ಸಿಗ್ನಲ್ ಮತ್ತು ಎಂಸಿಎಸ್ ಬರೆದಿಟ್ಟುಕೊಳ್ಳಬಹುದಾ? ಆಶ್ಲೇಷ ಮಳೆಯ ಒಂದು ವಾರ ಸಿಕ್ಕರೆ ಸಾಕು.

ಕಾನುಮನೆ · 10:22

ಖಂಡಿತ ಬಾ ತಮ್ಮ. ಹಳೇ ಕಂಬದ ಕ್ಲಾಂಪ್ ಇನ್ನೂ ಮಾಡಿನ ಮೇಲೇ ಇದೆ, ರೇಡಿಯೊ ಒಂದು ನೀನೇ ತರಬೇಕು. ಹೊಳೆ ತುಂಬಿದರೆ ಸಂಕದ ದಾರಿ ಮುಳುಗುತ್ತೆ, ಹೊರಡೋ ಮುಂಚೆ ಫೋನ್ ಮಾಡು. ಅಮ್ಮ ಕಳಲೆ ನೀರಿಗೆ ಹಾಕಿದಾರೆ, ಇವತ್ತು ಎರಡನೇ ದಿನ.